ಹಳದಿ ಚೀಲಕ್ಕೆ ಹೋದ ಹಲ್ಲು

ವಿಮಲಾಬಾಯಿಯವರ ಬಾಯಲ್ಲಿ ಉಳಿದಿದ್ದ ಕಟ್ಟಕಡೆಯ ಹಲ್ಲನ್ನು ಸೇಡಂನ ದಂತವೈದ್ಯೆ ಡಾಕ್ಟರ್ ಶಿವರಂಜನಿ ಕೀಳುವಾಗ, ಮಗ ಅಶೋಕಕುಮಾರ ಹೊರಗೆ ನಿಂತು ಫೋನಿನಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದ. ಎಲ್ಲ ಫಜೀತಿಗೂ ಮೂಲ ಅದೇ. ಅವ್ವ ಹೊರಬಂದಾಗ ಬಾಯಲ್ಲಿ ಹತ್ತಿ ಇತ್ತು.

"ಒಂದು ತಾಸು ಗಟ್ಟಿ ಒತ್ತಿ ಹಿಡ್ಕೊಂಡಿರ್ಲಿ. ಮಾತಾಡಸಬ್ಯಾಡ್ರಿ" ಎಂದರು ಡಾಕ್ಟರು.

ಮನೆಗೆ ಬಂದ ಅವ್ವ ಕಟ್ಟೆಯ ಮೇಲೆ ಕುಳಿತು ಕೈಸನ್ನೆ ಶುರುಮಾಡಿದರು. ಬಾಯಿ ತೋರಿಸಿದರು, ತಮ್ಮ ಹಳದಿ ಸೆರಗು ಹಿಡಿದು ಅಲ್ಲಾಡಿಸಿದರು, ಆಮೇಲೆ ಎರಡೂ ಕೈ ಆಕಾಶಕ್ಕೆತ್ತಿದರು. ಅಶೋಕಕುಮಾರನಿಗೆ ತಲೆಬುಡ ತಿಳಿಯಲಿಲ್ಲ. ಪಕ್ಕದ ಮನೆಯ ಅನಸುಬಾಯಿಗೆ ಮಾತ್ರ ಎಲ್ಲವೂ ತಿಳಿಯಿತು. ಅವರಿಗೆ ಯಾವಾಗಲೂ ತಿಳಿಯುತ್ತದೆ.

"ಹಲ್ಲು ಎಲ್ಲದ ಅಂತ ಕೇಳಾಕತ್ಯಾರಪ್ಪ! ಶಿವನ ಕಡಿ ಹೋಗೋಮುಂದ ಬೇಕಂತ. ಮಣ್ಣಿಗಿಡೋ ದೇಹ, ಪೂರಾ ಇರಬೇಕಲ್ಲೇನು? ದವಾಖಾನ್ಯಾಗ ಬಿಟ್ಟು ಬಂದೀ? ಎಂಥಾ ಮಗಾಪ್ಪ ನೀನು!"

ತಂದೆಯಿಲ್ಲದ ಮನೆಯಲ್ಲಿ ತನ್ನನ್ನು ಒಬ್ಬಳೇ ಬೆಳೆಸಿದ ಅವ್ವನ ಕಡೆಯ ಆಸೆಗೇ ತಾನು ಕಲ್ಲು ಹಾಕಿದೆನೇ ಎಂದು ಅಶೋಕಕುಮಾರ ಹಳಹಳಿಸಿದ. ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ.

ಶಿವರಂಜನಿಯವರ ದವಾಖಾನೆ ಸಣ್ಣದು, ಶಿಸ್ತು ದೊಡ್ಡದು. ಸೂಜಿಗೆ ಬಿಳಿ ಡಬ್ಬಿ, ಕೈಗವಸಿಗೆ ಕೆಂಪು ಚೀಲ, ರಕ್ತದ ಹತ್ತಿಗೂ ಕಿತ್ತ ಹಲ್ಲಿಗೂ ಹಳದಿ ಚೀಲ. ಹಿಂದಿನ ಗಟಾರದಲ್ಲಿ ಹುಡುಕಿದರೂ ಒಂದು ಹತ್ತಿಯ ಎಳೆ ಸಿಗದು. ಯಾರೂ ನೋಡದ ಕೆಲಸವನ್ನು ಇಷ್ಟು ನಿಷ್ಠೆಯಿಂದ ಮಾಡುವ ಹೆಣ್ಣುಮಗಳನ್ನು ಕಂಡರೆ ಕೈಮುಗಿಯಬೇಕು ಅನಿಸುತ್ತದೆ. ಅಶೋಕಕುಮಾರನಿಗೆ ಆಗ ಹಾಗೆ ಅನಿಸಲಿಲ್ಲ.

"ಅವ್ವನ ಹಲ್ಲು ವಾಪಸ್ ಕೊಡ್ರಿ ಮೇಡಂ!"

"ಹಳದಿ ಚೀಲದಾಗ ಹೋಯ್ತಲ್ರಿ. ಅಗೋ, ಚೀಲ ಒಯ್ಯೋ ಗಾಡಿ ಹೊಂಟದ. ನಿಮ್ಮ ಅವ್ವಾರೇ..."

ಮಾತು ಮುಗಿಯುವಷ್ಟರಲ್ಲಿ ಅವನು ಗಾಡಿಯ ಮುಂದೆ ಅಡ್ಡ ನಿಂತಿದ್ದ. ಡ್ರೈವರ್ ಮಶಾಕ ತಲೆ ಅಲ್ಲಾಡಿಸಿದ. "ಕಟ್ಟಿದ ಚೀಲ ಬಿಚ್ಚಂಗಿಲ್ರಿ. ನಮ್ಮಪ್ಪ ಬಂದು ಕೇಳಿದ್ರೂ ಬಿಚ್ಚಂಗಿಲ್ಲ. ಹಂಗೇ ಒಯ್ದು ಸುಡ್ತಾರ." ಗಾಡಿ ಚಿತ್ತಾಪುರದ ದಾರಿ ಹಿಡಿಯಿತು.

ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆ? ಅವ್ವನಿಗೆ ಕಣ್ಣು ಮಂಜು. ಹಲ್ಲಿನಂಥದ್ದೊಂದು ಕೈಗಿಟ್ಟರೆ ಜೀವ ತಣ್ಣಗಾದೀತು. ಹುಟ್ಟಿದಾಗಿನಿಂದ ಮಾಂಸದಂಗಡಿಯ ಓಣಿ ತುಳಿಯದ ಅಶೋಕಕುಮಾರ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಮಜೀದಸಾಬನ ಅಂಗಡಿಯ ಮುಂದೆ ನಿಂತ.

"ಒಂದು ಹಲ್ಲು ಬೇಕಾಗಿತ್ತು."

"ಮಾರಿ ಮುಚ್ಕೊಂಡ್ರೂ ದನಿ ಗುರ್ತು ಹತ್ತತದ್ರಿ ಅಶೋಕ ಸೇಠ್! ನಮ್ಮ ಅಜ್ಜನ ಕಾಲದಿಂದ ಈ ಅಂಗಡ್ಯಾಗ ಬರೀ ಹಲ್ಲು ಕೇಳಿದವರು ನೀವೇ ಮೊದಲು. ತೊಗೋರಿ, ಪುಕ್ಕಟ್!"

ಮನೆಯ ಮುಂದೆ ಅನಸುಬಾಯಿ ಓಣಿಯನ್ನೇ ಸೇರಿಸಿದ್ದರು. ಅಶೋಕಕುಮಾರ ಒದ್ದೆ ಕಣ್ಣಿನಿಂದ ಹಲ್ಲನ್ನು ಅವ್ವನ ಅಂಗೈಯಲ್ಲಿಟ್ಟ. ವಿಮಲಾಬಾಯಿ ಅದನ್ನು ಬೆರಳಲ್ಲಿ ತಿರುಗಿಸಿದರು. ಬಾಯಿಂದ ಹತ್ತಿ ತೆಗೆದರು.

"ಇದು ಆಡಿನ ಹಲ್ಲು! ತವರಮನಿ ಹಿತ್ತಲದಾಗ ಆಡು ಕಟ್ಟಿದಾಕಿ ನಾ, ನನಗ ತಿಳಿಯಂಗಿಲ್ಲೇನು?"

"ನೀ ಕೇಳ್ದಿ ಅಂತ ತಂದೆ ಅವ್ವಾ..."

"ಯಾವಾಗ ಕೇಳ್ದೆ? ಹಲ್ಲು ಬೇಕೇನ್ರಿ ಅಂತ ಡಾಕ್ಟರಮ್ಮನೇ ಕೇಳಿದ್ಲು. ಎಲ್ಲ್ಯಾರ ಒಗದರ ಯಾರದಾರ ಕೂಸಿಗೆ ಜಡ್ಡು ಹತ್ತೀತು, ಬ್ಯಾಡಂದೆ. ನನ್ನ ಕೈಲೇ ಹಳದಿ ಚೀಲದಾಗ ಹಾಕಿದೆ. ಸುಟ್ಟು ಹೊಗಿಯಾಗಿ ಮ್ಯಾಲ ಹೋಗ್ತದ ಅಂತ ಕೈಸನ್ನಿಲೆ ಹೇಳಾಕತ್ತಿದ್ದೆ. ಎಂಥಾ ಛಲೋ ಹುಡುಗಿ ಅದು! ನೀ ನೋಡಿದರ ಮನಿಗೆ ಇದನ್ನ ತಂದೀ. ಒಳಗ ಕಾಲಿಡಬ್ಯಾಡ. ಗಟಾರದಾಗ ಒಗದೀ ಅಂದ್ರ ನೋಡು ಮತ್ತ!"

"ನಾ ಮೊದಲೇ ಅಂದಿದ್ದೆ" ಎಂದರು ಅನಸುಬಾಯಿ.

ಅಶೋಕಕುಮಾರ ಮತ್ತೆ ದವಾಖಾನೆಗೆ ಓಡಿದ. ಡಾಕ್ಟರು ನಗು ತಡೆದುಕೊಂಡರು. "ಹೊರಗಿನ ಕಸ ನಮ್ಮ ಚೀಲದಾಗ ಹಾಕಾಕ ಬರಂಗಿಲ್ರಿ." ತಂದಲ್ಲಿಗೇ ವಾಪಸ್ ಕೊಡೋಣವೆಂದರೆ ಮಜೀದಸಾಬ ಅಂಗಡಿ ಮುಚ್ಚಿ ವಾಡಿ ಊರಿಗೆ ಮದುವೆಗೆ ಹೋಗಿದ್ದ.

ಹಲ್ಲನ್ನು ಜೇಬಿಗೆ ಹಾಕಿಕೊಂಡು ಸೋತು ಬರುತ್ತಿದ್ದಾಗ, ಅವನು ಅವ್ವನ ಹಲ್ಲಿಗಾಗಿ ಚಪ್ಪಲಿಯಿಲ್ಲದೆ ಓಡಿದ್ದನ್ನಷ್ಟೇ ಅನಸುಬಾಯಿಯಿಂದ ಕೇಳಿದ್ದ, ಮುಂದಿನದು ತಿಳಿಯದ ಓಣಿಯ ಅಂಬಾರಾಯ ಮಾಸ್ತರರು ಎದುರಾದರು.

"ಅವ್ವಾರ ಹಲ್ಲು ಸಿಕ್ತೇನಪ್ಪ?"

"ಸಿಕ್ತ್ರಿ" ಎಂದುಬಿಟ್ಟ, ಮಾತು ಬೆಳೆಯದಿರಲೆಂದು.

ಮಾಸ್ತರರ ಕಣ್ಣು ತುಂಬಿ ಬಂತು. ಚಪ್ಪಲಿ ಬಿಟ್ಟು, ಎರಡೂ ಕೈ ಚಾಚಿದರು. "ಪುಣ್ಯವಂತಿ ತಾಯಿ. ತಗಿಯಪ್ಪ, ಒಮ್ಮಿ ಕಣ್ಣಿಗೊತ್ಕೊಂತೀನಿ."