ಸದ್ದಿಲ್ಲದೆ ಬಂದ ಅಪ್ಪನ ಲಾರಿ

ನಮ್ಮ ಮನೆಯಲ್ಲಿ ಕೆಟ್ಟ ವಸ್ತುಗಳನ್ನು ರಿಪೇರಿ ಮಾಡಿಸುವ ಪದ್ಧತಿ ಇಲ್ಲ. ಅವುಗಳ ಜೊತೆ ಹೊಂದಿಕೊಂಡು ಹೋಗುವ ಪದ್ಧತಿ ಇದೆ. ಪಡಸಾಲೆಯ ಫ್ಯಾನು ಗುಂಡಿ ಒತ್ತಿದರೆ ತಿರುಗುವುದಿಲ್ಲ. ಜೋಳದ ದಂಟಿನಿಂದ ಒಮ್ಮೆ ತಳ್ಳಿಕೊಟ್ಟರೆ ತನ್ನ ಕೆಲಸ ನೆನಪಾದಂತೆ ತಿರುಗತೊಡಗುತ್ತದೆ. ಮಿಕ್ಸರಿನ ಮುಚ್ಚಳದ ಮೇಲೆ ನನ್ನ ಹೆಂಡತಿ ಸುನಂದಾ ಅಂಗೈ ಒತ್ತಿ ಹಿಡಿಯದಿದ್ದರೆ ಶೇಂಗಾ ಚಟ್ನಿ ಗೋಡೆಯ ಪಾಲು. ಬಚ್ಚಲಿನ ನಳವನ್ನು ಯಾವ ಕಡೆ ತಿರುವಿದರೆ ನೀರು ನಿಲ್ಲುತ್ತದೆ ಎಂಬುದು ಮನೆಯವರಿಗಷ್ಟೇ ಗೊತ್ತಿರುವ ವಿದ್ಯೆ. ಬೀಗರು ಬಂದರೆ ಯಾರಾದರೊಬ್ಬರು ಬಾಗಿಲಾಚೆ ನಿಂತು ಕೂಗಿ ಹೇಳಿಕೊಡಬೇಕು. "ಈ ಮನ್ಯಾಗ ಬರೋಬ್ಬರಿ ನಡಿಯೋದು ಅಂದ್ರ ನಾ ಒಬ್ಬಾಕಿನೇ" ಎಂದು ಸುನಂದಾ ಆಗಾಗ ಹೇಳುತ್ತಾಳೆ. ಬಸವಕಲ್ಯಾಣದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಊರವರ ಕೆಮ್ಮು, ಕೈಕಾಲು ನೋವು, ಎದೆಯುರಿ ಇವುಗಳಲ್ಲೇ ದಿನ ಮುಗಿದುಹೋಗುವಾಗ ಫ್ಯಾನಿನ ಕಾಯಿಲೆಗೆ ಸಮಯವೆಲ್ಲಿ ಎಂಬುದು ನನ್ನ ವಾದ. ಇಂಥ ನಾನು ಬದುಕಿನಲ್ಲಿ ಮೊದಲ ಸಲ ರಿಪೇರಿಗೆ ಅಂತ ಕೈ ಹಾಕಿದ್ದು ಒಂದು ಲಾರಿಗೆ.

ಲಾರಿ ನನ್ನ ಅಪ್ಪನದು. ಅಪ್ಪನ ಹೆಸರು ಮಾಣಿಕಪ್ಪ. ಹುಮನಾಬಾದಿನಿಂದ ಸೋಲಾಪುರಕ್ಕೆ ಬೆಲ್ಲ, ಹೈದರಾಬಾದಿಗೆ ತೊಗರಿ, ಬರುವಾಗ ಸಿಕ್ಕಿದ್ದು, ಹೀಗೆ ಆಯುಷ್ಯವನ್ನೆಲ್ಲ ಆ ಸೀಟಿನ ಮೇಲೆ ಕಳೆದರು. ಆಳು ಬಹಳ ಗಿಡ್ಡ. ಎದುರಿನಿಂದ ನೋಡಿದವರಿಗೆ ರುಮಾಲು ಮತ್ತು ಎರಡು ಕೈ ಮಾತ್ರ ಕಾಣುತ್ತಿದ್ದವು. ರುಮಾಲು ಕಟ್ಟದ ದಿನ ಲಾರಿ ತಾನೇ ಹೊರಟಿದೆ ಎಂದು ಜನ ಗಾಬರಿಯಾಗುತ್ತಿದ್ದರಂತೆ. ಮೈಯಿಂದ ಸದಾ ಬೆಲ್ಲ ಮತ್ತು ಡೀಸೆಲ್ ಸೇರಿದ ಒಂದು ವಾಸನೆ ಬರುತ್ತಿತ್ತು. ಈಗಲೂ ಪಂಪಿನಲ್ಲಿ ಪೆಟ್ರೋಲ್ ಹಾಕಿಸುವಾಗ, ಪಕ್ಕದಲ್ಲಿ ಯಾರಾದರೂ ಬೆಲ್ಲದ ಪೆಂಟಿ ಹಿಡಿದು ನಿಂತಿದ್ದರೆ, ನಾನು ಹಿಂದಿನವರು ಹಾರ್ನ್ ಹೊಡೆದರೂ ಗಾಡಿ ಮುಂದಕ್ಕೆ ತೆಗೆಯುವುದಿಲ್ಲ.

ಅಪ್ಪ ಮನೆಗೆ ಬರುವುದಕ್ಕೆ ಹೊತ್ತು ಗೊತ್ತು ಇರಲಿಲ್ಲ. ಆದರೆ ಅವ್ವನಿಗೆ ಮಾತ್ರ ಮೊದಲೇ ತಿಳಿಯುತ್ತಿತ್ತು. ನಮ್ಮ ಓಣಿಯ ತಿರುವಿನಲ್ಲಿ ಗುಡುಗುಡು ಸದ್ದು, ಅದರ ನಡುವೆ 'ಠಣ್ ಠಣ್' ಎಂದು ತಗಡಿಗೆ ಏನೋ ಬಡಿದಂತಹ ಇನ್ನೊಂದು ಸದ್ದು. ಅದು ಕಿವಿಗೆ ಬಿದ್ದದ್ದೇ ಅವ್ವ ಒಲೆಯ ಮೇಲೆ ಹಂಚಿಟ್ಟು ಹಿಟ್ಟಿಗೆ ಕೈ ಹಾಕುತ್ತಿದ್ದಳು. ಅಪ್ಪ ಲಾರಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಬಿಸಿ ರೊಟ್ಟಿಯೂ ಝುಣಕವೂ ತಟ್ಟೆಯಲ್ಲಿ ಇರುತ್ತಿದ್ದವು. ಬೇರೆಯವರ ಲಾರಿಗಳು ಎಷ್ಟೇ ಗದ್ದಲ ಮಾಡಿದರೂ ಅವ್ವ ತಲೆ ಎತ್ತುತ್ತಿರಲಿಲ್ಲ. "ನಿಮ್ಮಪ್ಪನ ಗಾಡಿ ಏನೋ ಸಡ್ಲಾಗೇದ, ಅದಕ್ಕ ಆವಾಜ ಬರ್ತದ" ಎನ್ನುತ್ತಿದ್ದಳು. ಎಂದೂ ತಪ್ಪದ ಆ ಕಿವಿ ಅಪ್ಪ ತೀರಿಹೋದ ಮೇಲೆ ಒಮ್ಮೆ ತಪ್ಪಿತು. ಇಟ್ಟಿಗೆ ಹೇರಿಕೊಂಡು ಯಾವುದೋ ಗಾಡಿ ಓಣಿಗೆ ತಿರುಗಿತ್ತು. ಅವ್ವ ಹಂಚಿಟ್ಟಳು, ಹಿಟ್ಟು ತಟ್ಟಿದಳು, ರೊಟ್ಟಿ ಅರ್ಧ ಬೆಂದ ಮೇಲೆ ಸುಮ್ಮನೆ ನಿಂತಳು. ಆಮೇಲೆ ಅದನ್ನು ಪೂರ್ತಿ ಬೇಯಿಸಿ ಹೊರಗೆ ಬಂದು ಹಸುವಿಗೆ ಹಾಕಿದಳು. ನಾನು ಅಂಗಳದಲ್ಲೇ ಇದ್ದೆ.

ಲಾರಿ ಮಾತ್ರ ಅಪ್ಪ ಕೊನೆಯ ಸಲ ನಿಲ್ಲಿಸಿದ ಜಾಗದಲ್ಲೇ ಅಂಗಳದ ಮೂಲೆಯಲ್ಲಿ ನಿಂತಿತ್ತು. ತೊಂಡೆಬಳ್ಳಿ ಅದರ ಮೈಮೇಲೆ ಹಬ್ಬಿತು. ಅವ್ವ ಬಾನೆಟ್ಟಿನ ಮೇಲೆ ಹಪ್ಪಳ ಒಣಹಾಕಿದಳು. ಸುನಂದಾ ಒಳಗೆ ಹಳೆಯ ಗಾದಿಗಳನ್ನು ತುಂಬಿದಳು. ಒಂದು ಕೋಳಿ ಸ್ಟೀರಿಂಗಿನ ಕೆಳಗೆ ಮೊಟ್ಟೆ ಇಟ್ಟು, ತೆಗೆಯಲು ಹೋದ ನನ್ನನ್ನೇ ಕುಕ್ಕಿತು. ಹೀಗಿರುವಾಗ ಗುಜರಿ ವ್ಯಾಪಾರಿಯೊಬ್ಬ ಬಂದ. ಲಾರಿಯನ್ನು ಅಲ್ಲಲ್ಲಿ ತಟ್ಟಿ ನೋಡಿ, "ಲೋಖಂಡ ಛಲೋ ಅದ್ರಿ. ಮುರದು ಒಯ್ತೀನಿ, ನಿಮಗ ಜಾಗಾ ಖಾಲಿ ಆಗ್ತದ" ಎಂದ. ಜಾಗ ಖಾಲಿ ಎಂಬ ಮಾತಿಗೆ ಸುನಂದಾಳ ಮುಖ ಅರಳಿತು. ನಾನು ಅವ್ವನ ಕಡೆ ನೋಡಿದೆ.

"ಕೊಡ್ರಿ, ನಂದೇನ ಅದ. ಅದರ ಮ್ಯಾಲ ಹಪ್ಪಳ ಜಲ್ದಿ ಒಣಗತಾವ, ಅಷ್ಟ" ಎಂದು ಅವ್ವ ಒಳಗೆ ಹೋದಳು. ಕುಡಿಯುತ್ತಿದ್ದ ಚಹಾ ಕಟ್ಟೆಯ ಮೇಲೇ ಉಳಿಯಿತು. ಅವ್ವ ಚಹಾ ಬಿಟ್ಟು ಎದ್ದುಹೋದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಆ ಲೋಟ ನೋಡುತ್ತ ನನ್ನ ಬಾಯಿಂದ ಮಾತು ಹೊರಟುಹೋಯಿತು: "ಕೊಡಂಗಿಲ್ಲ. ರಿಪೇರಿ ಮಾಡಸ್ತೀನಿ."

"ಮೊದಲ ಫ್ಯಾನ್ ಮಾಡಸ್ರಿ" ಎಂದಳು ಸುನಂದಾ.

ಹುಮನಾಬಾದಿನಲ್ಲಿ ಇಸ್ಮಾಯಿಲ್ ಭಾಯಿ ಎಂಬ ಮಿಸ್ತ್ರಿ ಇದ್ದಾನೆ. ಲಾರಿಯನ್ನು ಅವನಲ್ಲಿಗೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋದೆವು. ತೊಂಡೆಬಳ್ಳಿಯ ಸಮೇತ ಹೊರಟ ಆ ಮೆರವಣಿಗೆಯ ಹಿಂದೆ ಸ್ಕೂಟರಿನಲ್ಲಿ ನಾನು. ದಾರಿಯಲ್ಲಿ ಸಿಗುವ ರಾಜೇಶ್ವರದಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಮುದುಕ ಕೋಲೂರಿಕೊಂಡು ಬಂದು ಲಾರಿಯನ್ನು ಸುತ್ತು ಹಾಕಿದ. "ಇದು ಮಾಣಿಕಪ್ಪನ ಗಾಡಿ ಅಲ್ಲೇನ್ರಿ? ಅಂವಾ ಎಲ್ಲಿ ಹಾನ?" ಎಂದ. ಹೇಳಿದೆ. ಅವನು ಬಾನೆಟ್ಟಿನ ಮೇಲೆ ಕೈಯಿಟ್ಟ. "ನಮ್ಮ ಮಗಳ ಲಗ್ನದ ಸಾಮಾನೆಲ್ಲ ಇದರಾಗೇ ಬಂದಿತ್ತು. ಮಳಿ ಇತ್ತು. ಒಂದ ಸೀರಿ ಸೈತ ನೆನೀಲಿಲ್ಲ ನೋಡ್ರಿ" ಎಂದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ "ನೀವ್ ಯಾರ್ರಿ?" ಎಂದು ಕೇಳಿದ. ಮಗ ಎಂದೆ. "ಹೌದ್ರೀ?" ಎಂದನೇ ಹೊರತು ನಂಬಿದಂತೆ ಕಾಣಲಿಲ್ಲ.

ಇಸ್ಮಾಯಿಲ್ ಭಾಯಿಯಲ್ಲಿ ಒಂದೇ ದೋಷ: ಅವನು ಕೆಲಸವನ್ನು ಪೂರ್ತಿ ಮಾಡುತ್ತಾನೆ. ಅಂಗಡಿ ಇಟ್ಟವರನ್ನೆಲ್ಲ 'ಸಾವಕಾರ್ರೇ' ಎಂದು ಕರೆಯುವುದು ಅವನ ರೂಢಿ. ಅಂಗಡಿ ಮುಚ್ಚುವ ಭಾನುವಾರಗಳಲ್ಲಿ ನಾನು ಹುಮನಾಬಾದಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಎಂಜಿನ್ನು ಬಿಚ್ಚಿ ಹರಡಿದ್ದು ನೋಡಿ ಏನಾದರೂ ತಿಳಿದವನಂತೆ ಹೇಳಬೇಕೆನ್ನಿಸಿ, "ಹೊಗೆ ಕಪ್ಪಗೆ ಬಂದರೆ ಎದೆಯಲ್ಲಿ ಕಫ ಇದ್ದ ಹಾಗಲ್ಲವೇ?" ಎಂದೆ. "ಸಾವಕಾರ್ರೇ, ನೀವು ಚಹಾ ಕುಡೀರಿ" ಎಂದ. ಅಂತೂ ಕೆಲಸ ಮುಗಿಯಿತು. "ಎಂಜಿನ್ ಹೊಸಾದು ಮಾಡಿದಂಗ ಮಾಡೀನಿ. ಒಂದ್ ನಟ್ ಸೈತ ಅಲುಗಾಡಂಗಿಲ್ಲ. ಡ್ರೈವರ್ ಕಡಿ ಬಾಗಲಕ್ಕ ಹೊರಗ ಇಷ್ಟ ದೊಡ್ಡ ತಗ್ಗ ಬಿದ್ದಿತ್ತು, ಠೋಕಿ, ಲಂಬಿ ಮೆತ್ತಿ ಸಪಾಟ ಮಾಡಿ, ಪೇಂಟ್ ಹೊಡದೀನಿ. ಮುಖಾ ನೋಡ್ಕೋರಿ" ಎಂದ. ನೋಡಿಕೊಂಡೆ. ಹಸಿರು ಬಣ್ಣದಲ್ಲಿ ನನ್ನ ಮುಖ ಚೆನ್ನಾಗಿಯೇ ಕಂಡಿತು. ಭೇಷ್ ಎಂದು ಅವನ ಬೆನ್ನು ತಟ್ಟಿದೆ.

ಲಾರಿ ಮನೆಗೆ ಬರುವ ದಿನವನ್ನು ಅವ್ವನಿಗೆ ಹೇಳಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಇರಬೇಕು, ಸದ್ದು ಕೇಳಿಸಬೇಕು, ಹಿಟ್ಟಿನ ಕೈಯಲ್ಲೇ ಓಡಿ ಬರಬೇಕು ಎಂದೆಲ್ಲ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. ಇಸ್ಮಾಯಿಲ್ ಭಾಯಿ ತಾನೇ ಓಡಿಸಿಕೊಂಡು ಬಂದ. ಲಾರಿ ತಿರುವು ದಾಟಿ, ಓಣಿ ದಾಟಿ, ಬೆಣ್ಣೆಯಲ್ಲಿ ಕೈ ಆಡಿಸಿದಷ್ಟು ನಯವಾಗಿ ಬಾಗಿಲ ಮುಂದೆ ನಿಂತಿತು. ಅವ್ವ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಬೇಳೆಯಲ್ಲಿ ಹರಳು ಆರಿಸುತ್ತಿದ್ದಳು.

"ಅವ್ವಾ, ಬಂತು."

"ಏನ ಬಂತು?"

"ಅಪ್ಪನ ಗಾಡಿ."

"ಆವಾಜ ಬರ್ಲಿಲ್ಲಲ್ಲೋ?"

ಹೊರಗೆ ಬಂದಳು, ಲಾರಿಯ ಮುಂದೆ ನಿಂತಳು. ಇಸ್ಮಾಯಿಲ್ ಭಾಯಿ ಎಂಜಿನ್ನಿನಿಂದ ಹಿಡಿದು ತಗ್ಗು ತೆಗೆದದ್ದರವರೆಗೆ ಅವಳಿಗೂ ವರದಿ ಒಪ್ಪಿಸಿದ. "ಭಾಳ ಛಲೋ ಮಾಡೀಯೋ ತಮ್ಮಾ" ಎಂದು ಇಸ್ಮಾಯಿಲ್ ಭಾಯಿಗೆ ಹೇಳಿ ಚಹಾ ಇಡಲು ತಿರುಗಿದಳು. ಬಾಗಿಲಲ್ಲಿ ನನಗೊಬ್ಬನಿಗೇ ಕೇಳುವಂತೆ "ಛಲೋ ಅದ. ಆದ್ರ ಯಾರ್ದೋ ಗಾಡಿ ನಮ್ಮ ಮನಿ ಮುಂದ ನಿಂತಂಗ ಅದ" ಎಂದಳು.

ಆಗ ನಾನು ಮಿಸ್ತ್ರಿಗೆ ಹೇಳಿದ ಮಾತನ್ನು ಯಾವ ಗಿರಾಕಿಯೂ ಹೇಳಿರಲಾರ. "ಇಸ್ಮಾಯಿಲ್ ಭಾಯಿ, ಇದನ್ನು ಸ್ವಲ್ಪ ಕೆಡಸ್ಬೇಕ್ರಿ." ಅವನು ಚಹಾದ ಬಸಿಯನ್ನು ಕೆಳಗಿಟ್ಟ. "ಹಿಂದಿನ ಆವಾಜ ಬರಬೇಕು. ಏನೋ ಸಡಿಲ ಇತ್ತು, ಅದನ್ನ ಮತ್ತ ಸಡಿಲ ಮಾಡ್ರಿ" ಎಂದೆ. "ಸಾವಕಾರ್ರೇ, ನಾ ಹುಟ್ಟಿದಾಗಿನಿಂದ ಬಿಗಿಯೋ ಕೆಲಸಾ ಮಾಡೀನಿ. ನೀವು ರೋಗಿ ಆರಾಮ ಆದ ಮ್ಯಾಲ ಮತ್ತ ಜ್ವರ ಬರೋ ಗೋಳಿ ಕೊಡ್ತೀರೇನು?" ಎಂದ. ಆದರೂ ಅವ್ವನ ಮುಖ ನೋಡಿ ಬೋಲ್ಟು ತಿರುವುವ ಪಾನಾ ಕೈಗೆತ್ತಿಕೊಂಡ.

ಆ ಮಧ್ಯಾಹ್ನ ನಮ್ಮ ಓಣಿಯವರು ಊಟ ಬಿಟ್ಟು ಕಟ್ಟೆಗೆ ಬಂದು ಕೂತರು. ಬಾನೆಟ್ಟಿನ ಬೋಲ್ಟು ಸಡಿಲಿಸಿ ಇಸ್ಮಾಯಿಲ್ ಭಾಯಿ ತಿರುವಿನವರೆಗೆ ಹೋಗಿ ಬಂದ. ಅವ್ವ ಒಳಗಿನಿಂದ "ಅಲ್ಲ" ಎಂದಳು. ಸೈಲೆನ್ಸರ್ ಸಡಿಲಿಸಿದ. "ಇದು ಟ್ರ್ಯಾಕ್ಟರ್" ಎಂದಳು. ಲಾರಿಯ ಹಿಂಬದಿಯ ಹಲಗೆಬಾಗಿಲ ಸರಪಳಿ ಜೋತುಬಿಟ್ಟು ಬಂದಾಗ "ಯಾರ್ದೋ ಎಮ್ಮಿ ಹಗ್ಗಾ ಹರ್ಕೊಂಡು ಬಂತು ನೋಡ್ರಿ" ಎಂದಳು. ಸುನಂದಾ ಮಾತ್ರ ಖುಷಿಯಲ್ಲಿದ್ದಳು. ನಮ್ಮ ಮನೆಯ ಸಾಮಾನುಗಳ ಹಾಗೆ ಲಾರಿಯೂ ನಿಧಾನಕ್ಕೆ ಹದಕ್ಕೆ ಬರುತ್ತಿದೆ ಎಂದಳು. ಕೊನೆಗೆ ಇಸ್ಮಾಯಿಲ್ ಭಾಯಿ ಬೆವರು ಒರೆಸಿಕೊಂಡು "ಅವ್ವಾ, ನೀವೇ ಬಂದು ತೋರಸ್ರಿ. ಆ ಆವಾಜ ಎಲ್ಲಿಂದ ಬರ್ತಿತ್ತು?" ಎಂದ.

ಸ್ಟೂಲು ಇಟ್ಟು, ಕೈ ಹಿಡಿದು, ಅವ್ವನನ್ನು ಡ್ರೈವರ್ ಸೀಟಿಗೆ ಹತ್ತಿಸಿದೆವು. ಅವಳು ಸೆರಗು ಸರಿಮಾಡಿಕೊಂಡು ಕೂತಳು. ಸ್ಟೀರಿಂಗ್ ಮುಟ್ಟಿದಳು. ಬಲಗೈಯನ್ನು ಕಿಟಕಿಯ ಮೇಲಿಟ್ಟಳು. ಅದು ತಾನಾಗಿ ಹೊರಗೆ ಇಳಿಬಿದ್ದು ಬಾಗಿಲಿನ ತಗಡಿಗೆ ತಾಗಿತು. ಅವ್ವ ಆ ಕೈಯನ್ನೇ ನೋಡುತ್ತಿದ್ದಳು.

"ತಮ್ಮಾ, ಆ ತಗ್ಗ ಅಂದೆಲ್ಲ, ಅದು ಎಲ್ಲಿತ್ತು?"

"ಅಲ್ಲೇ ರೀ ಅವ್ವಾ, ನಿಮ್ಮ ಕೈ ಅದ ಅಲ್ಲ, ಬರೋಬ್ಬರಿ ಅಲ್ಲೇ."

ಅವ್ವ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ಬಡಿದಳು. ಸದ್ದು ಮೊಂಡಾಗಿತ್ತು, ಆದರೆ ಗುರುತು ಸಿಕ್ಕಿತು. "ನಿಮ್ಮಪ್ಪನ ಬೆಳ್ಳಿ ಉಂಗುರ ಯಾವಾಗ ನೋಡಿದ್ರೂ ಸೊಟ್ಟ ಇರ್ತಿತ್ತು" ಎಂದಳು ಅವ್ವ. "ನಾನೇ ಪತ್ತಾರನ ಕಡಿ ಒಯ್ದು ಸರಿ ಮಾಡಸ್ತಿದ್ದೆ. ಯಾಕ ಹಿಂಗ ಆಗ್ತದ ಅಂದ್ರ, ಸ್ಟೀರಿಂಗ್ ಹಿಡದು ಹಿಡದು ಆಗ್ತದ ಅಂತಿದ್ರು. ನಾ ಗಾಡಿ ಸಡ್ಲಾಗೇದ ಅಂತ ತಿಳಕೊಂಡಿದ್ದೆನೋ! ಬಾಗಲಕ್ಕ ಉಂಗುರ ಬಡದು, ಹಸಿವ್ಯಾಗೇದ, ರೊಟ್ಟಿ ಹಚ್ಚು ಅಂತ ಹೇಳ್ತಿದ್ರು ಇವರು." ಜೋರಾಗಿ ನಕ್ಕಳು. ನಕ್ಕು ನಕ್ಕು ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ಕಣ್ಣಿಗೆ. ಅಷ್ಟು ವರ್ಷ ಅವಳು ಒಲೆಯ ಮುಂದೆ, ಅವರು ತಿರುವಿನಲ್ಲಿ. ಒಬ್ಬರಿಗೊಬ್ಬರು ಎದುರಿಗೆ ಕೂತು ನಾಲ್ಕು ಮಾತಾಡಿದ್ದನ್ನು ನಾವು ಮಕ್ಕಳು ಕಂಡಿರಲಿಲ್ಲ. ಆ ಉಂಗುರ ಆಸ್ಪತ್ರೆಯ ಓಡಾಟದಲ್ಲಿ ಎಲ್ಲೋ ಕಳೆದುಹೋಗಿತ್ತು. ತಗ್ಗು ಸರಿಮಾಡಿದ್ದಕ್ಕೆ ನಾನೇ ಭೇಷ್ ಎಂದು ಬೆನ್ನು ತಟ್ಟಿದ್ದೆ.

ಇಸ್ಮಾಯಿಲ್ ಭಾಯಿ ಸುತ್ತಿಗೆ ಹಿಡಿದು ಸಂಕೋಚದಿಂದ ಕೇಳಿದ, "ಅವ್ವಾ, ಮತ್ತ ತಗ್ಗ ಮಾಡಿ ಕೊಡ್ಲೇನ್ರಿ?"

"ಬ್ಯಾಡೋ ತಮ್ಮಾ. ಅದು ಒಂದ ದಿನದಾಗ ಆಗೂದಲ್ಲ" ಎಂದಳು ಅವ್ವ.

ಸಡಿಲಿಸಿದ್ದನ್ನೆಲ್ಲ ಮತ್ತೆ ಬಿಗಿದದ್ದಾಯಿತು. ಇಳಿಯಿರಿ ಎಂದರೆ ಅವ್ವ ಇಳಿಯಲಿಲ್ಲ; ಪಕ್ಕಕ್ಕೆ ಸರಿದು ಎಡಗಡೆಯ ಕಿಟಕಿಯಲ್ಲಿ ಕೂತು "ಹುಮನಾಬಾದ ತನಕಾ ಹೋಗಿ ಬರೂನು ನಡೀರಿ. ಅವರು ದಿನಾ ಏನ ನೋಡ್ತಿದ್ರೋ ನಾನೂ ನೋಡ್ತೀನಿ" ಎಂದಳು. ಹೊರಟೆವು. ತೊಗರಿ ಹೊಲಗಳು ಹೂ ಬಿಟ್ಟಿದ್ದವು. ಎತ್ತರದ ಸೀಟಿನಿಂದ ಎಲ್ಲವೂ ಬೇರೆಯಾಗಿ ಕಾಣುತ್ತಿತ್ತು; ಗಿಡ್ಡ ಅಪ್ಪ ಇಳಿಯಲು ಯಾಕೆ ಒಪ್ಪುತ್ತಿರಲಿಲ್ಲ ಎಂಬುದು ನನಗೆ ಅರ್ಥವಾಯಿತು. ರಾಜೇಶ್ವರದ ಹತ್ತಿರ ಒಂದು ಖಾಲಿ ಹೊಲದ ದಾರಿ ನೋಡಿ ನನಗೂ ತಡೆಯಲಾಗಲಿಲ್ಲ. ಇಸ್ಮಾಯಿಲ್ ಭಾಯಿಯನ್ನು ಸರಿಸಿ ಸ್ಟೀರಿಂಗ್ ಹಿಡಿದೆ. "ಅಪ್ಪ ನನಗೆ ಇದನ್ನು ಮುಟ್ಟಗೊಡಲಿಲ್ಲ ಭಾಯಿ. ತಾನು ಪಟ್ಟ ಕಷ್ಟ ಮಗ ಪಡಬಾರದು ಅಂತ ಓದಿಸಿದರು" ಎಂದೆ. ಅವನು ಗಂಭೀರವಾಗಿ ತಲೆ ಆಡಿಸಿದ.

"ಹಂಗೇನಿಲ್ಲ" ಎಂದಳು ಅವ್ವ, ಹೊಲ ನೋಡುತ್ತಲೇ. "'ಈ ಮಗಾ ಸೈಕಲ್ ಮ್ಯಾಲ ಹೋದ್ರ ನಿಂತ ಗ್ವಾಡಿಗಿ ಹೋಗಿ ಹಾಯ್ತಾನ. ಇವನ ಕೈಯಾಗ ಗಾಡಿ ಕೊಟ್ರ ದಾರ್ಯಾಗಿನ ಮಂದಿ ಉಳಿಯಂಗಿಲ್ಲ. ಗೋಳಿ ಮಾರ್ಲಿ, ಮಂದಿ ಬದುಕ್ತಾರ' ಅಂತಿದ್ರು."

ಅದೇ ಹೊತ್ತಿಗೆ ನಾನು ಕ್ಲಚ್ ಬಿಟ್ಟೆ. ಲಾರಿ ಒಮ್ಮೆ ಕಪ್ಪೆಯಂತೆ ಜಿಗಿದು ನಿಂತುಹೋಯಿತು. ಇಸ್ಮಾಯಿಲ್ ಭಾಯಿ ಮರ್ಯಾದೆಗೆ ಆಕಾಶ ನೋಡಿದ. ನಾನು ಇಳಿದು, ಸುತ್ತು ಬಂದು, ಅವ್ವನನ್ನು ಸರಿಸಿ ಅವಳ ಪಕ್ಕದಲ್ಲಿ ಕೂತೆ. ಈಗಲೂ ಅಂಗಡಿಗೆ ಬಂದ ಹಿರಿಯರು, "ನಿಮ್ಮಪ್ಪ ನಿಮ್ಮ ಸಲುವಾಗಿ ಭಾಳ ವಿಚಾರ ಮಾಡಿದ್ರು ನೋಡ್ರಿ" ಎನ್ನುವುದುಂಟು. ಹೌದ್ರಿ ಎಂದು ಗೋಳಿ ಕಟ್ಟಿಕೊಡುತ್ತೇನೆ. ಅವರು ವಿಚಾರ ಮಾಡಿದ್ದು ದಾರಿಯಲ್ಲಿ ಹೋಗುವ ಮಂದಿಯ ಸಲುವಾಗಿ ಎಂದು ನಾನಾಗಿ ಯಾಕೆ ಹೇಳಲಿ?