ಪಕ್ಷ ಬಿಟ್ಟ ಶಾಸಕರೂ ಅವರ ಮಂಚವೂ

ಶಾಸಕರ ಕಚೇರಿಯಲ್ಲಿ ಕೆಲಸ ಮಾಡುವವನಿಗೆ ನಗು ಬರುವ ಸಂಗತಿಗಳಿಗೆ ಬರವಿಲ್ಲ. ನಗುವ ಹಾಗಿರುವುದಿಲ್ಲ, ಅಷ್ಟೇ. ನಾನು ನಮ್ಮ ಶಾಸಕರ ಆಪ್ತ ಸಹಾಯಕ. ಅಂದರೆ ಅವರ ಫೋನು, ಶಾಲು, ಶುಗರ್ ಮಾತ್ರೆ ಮೂರೂ ನನ್ನ ಬಳಿಯೇ ಇರುತ್ತವೆ. ಕ್ಷೇತ್ರ ಯಾವುದೆಂದು ಹೇಳಲಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕರಲ್ಲಿ ಒಂದು ಎಂದುಕೊಳ್ಳಿ.

ಎರಡು ಸಲ ಪಕ್ಷದಿಂದ ಗೆದ್ದಿದ್ದ ಅವರಿಗೆ ಮೂರನೆಯ ಸಲ ಟಿಕೆಟ್ ಇಲ್ಲವೆಂದು ಪಕ್ಷ ಮೊದಲೇ ಹೇಳಿತು. ಸಿಟ್ಟಿನಲ್ಲಿ ಪಕ್ಷ ಬಿಟ್ಟು, ಪಕ್ಷೇತರರಾಗಿ ನಿಲ್ಲುತ್ತೇನೆಂದು ಘೋಷಿಸಿಬಿಟ್ಟರು. ಸೋತರೆ ಅವರ ರಾಜಕೀಯ ಅಲ್ಲಿಗೆ ಮುಗಿಯಿತು. ನನ್ನ ಕೆಲಸವೂ ಮುಗಿಯಿತು, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳಿದ್ದೇನೆ.

ಹೈಕಮಾಂಡ್

ಪಕ್ಷದಲ್ಲಿದ್ದಾಗ, ಆಗದ ಕೆಲಸ ಕೇಳಿಕೊಂಡು ಯಾರಾದರೂ ಬಂದರೆ ನಮ್ಮವರು "ಹೈಕಮಾಂಡ್ ಕೇಳಿ ಹೇಳ್ತೀನಿ" ಎನ್ನುತ್ತಿದ್ದರು. ನಿಜವಾಗಿ ಯಾರನ್ನೂ ಕೇಳುತ್ತಿರಲಿಲ್ಲ. ಬಂದವರಿಗೂ ಅದು ಗೊತ್ತಿತ್ತು. ಆದರೂ ಬೇಸರವಿಲ್ಲದೆ ಕಾಫಿ ಕುಡಿದು ಹೋಗುತ್ತಿದ್ದರು.

ಪಕ್ಷ ಬಿಟ್ಟ ಮರುವಾರ ಹಳ್ಳಿಯ ಯಜಮಾನರೊಬ್ಬರು ನಾಲ್ಕು ಜನರನ್ನು ಕರೆದುಕೊಂಡು ಬಂದರು. ಅಳಿಯನನ್ನು ಊರ ಹತ್ತಿರಕ್ಕೆ ವರ್ಗ ಮಾಡಿಸಲು ಶಿಫಾರಸು ಪತ್ರ ಬೇಕಿತ್ತು. ನಮ್ಮವರು ಅಭ್ಯಾಸಬಲದಿಂದ, "ನೋಡೋಣ, ಹೈಕಮಾಂಡ್ ಕೇಳಿ ಹೇಳ್ತೀನಿ" ಎಂದರು.

"ಇನ್ಯಾವ ಹೈಕಮಾಂಡಪ್ಪ? ನೀನೇ ಬುಟ್ಟು ಬಂದ್ಬುಟ್ಯಲ್ಲ!"

ನಮ್ಮವರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ.

"ಜನಗಳೇ ನನ್ನ ಹೈಕಮಾಂಡ್ ಅಂತ ಮೊನ್ನೆ ಟಿವೀಲಿ ಅಂದ್ಯಲ್ಲ?" ಯಜಮಾನರು ಕೇಳಿದರು.

"ಹೌದು, ಅಂದಿದ್ದೆ."

ಯಜಮಾನರು ಹಿಂದಿದ್ದ ನಾಲ್ವರ ಕಡೆ ತಿರುಗಿದರು. "ಏನ್ರಲಾ, ಒಪ್ಗೇನಾ?" ನಾಲ್ವರೂ ತಲೆಯಾಡಿಸಿದರು. "ಹೈಕಮಾಂಡ್ ಒಪ್ಕಂಡೈತೆ. ಸೈನ್ ಆಕಪ್ಪ."

ಬೀಗರ ಊಟ

ನಮ್ಮ ಕಡೆ ಮದುವೆಗಿಂತ ಆಮೇಲಿನ ಬೀಗರ ಊಟವೇ ಮುಖ್ಯ. ಮುದ್ದೆ, ಮಟನ್ ಸಾರು. ಅದಕ್ಕೆ ಬರದ ಶಾಸಕರನ್ನು ಜನ ಮರೆಯುವುದಿಲ್ಲ, ಅಂದರೆ ಕ್ಷಮಿಸುವುದಿಲ್ಲ. ಯಾರೂ ಬರೆದಿಟ್ಟಿಲ್ಲವಾದರೂ ಊಟಕ್ಕೆ ಒಂದು ಪಕ್ಷದವರು ಒಂದು ಸಾಲಿನಲ್ಲಿ, ಇನ್ನೊಂದು ಪಕ್ಷದವರು ಇನ್ನೊಂದು ಸಾಲಿನಲ್ಲಿ ಕೂರುತ್ತಾರೆ.

ಮೊದಲು ನಮ್ಮವರಿಗೆ ಒಂದೇ ಸಾಲು, ಒಂದೇ ಮುದ್ದೆ. ಈಗ ಎಲ್ಲರ ವೋಟೂ ಬೇಕು. ಒಂದು ಬೀಗರ ಊಟದಲ್ಲಿ ಹಳೆಯ ಪಕ್ಷದವರ ಜೊತೆ ಒಂದು ಮುದ್ದೆ ಮುಗಿಸಿದರು. ಎದುರು ಸಾಲಿನವರು "ನಮ್ಜೊತೆ ಕುಂತ್ಕಳಕ್ಕಿಲ್ವಾ ಅಣ್ಣಾ?" ಎಂದರು. ಅಲ್ಲೊಂದು ಮುದ್ದೆ. ಯಾವ ಪಕ್ಷವೂ ಇಲ್ಲದ ಹುಡುಗರು ಗೋಡೆ ಪಕ್ಕ ಕೂತಿದ್ದರು. ಪಕ್ಷೇತರರಾಗಿ ಅವರನ್ನು ಬಿಡುವುದು ಹೇಗೆ? ಅಲ್ಲಿ ಮೂರನೆಯದು. ನಾನು ಶುಗರ್ ಮಾತ್ರೆ ಹಿಡಿದು ಹಿಂದೆಯೇ ಓಡಾಡುತ್ತಿದ್ದೆ.

ಬಡಿಸುತ್ತಿದ್ದ ಅಜ್ಜಿ ಸೌಟು ಹಿಡಿದು ನಿಂತು ನೋಡಿ, ಪಕ್ಕದವಳಿಗೆ ಮರುಕದಿಂದ ಹೇಳಿತು: "ಪಾಲ್ಟಿ ಬುಟ್ಟಾಗ್ನಿಂದ ಸರ್ಯಾಗಿ ಉಣ್ಣಕ್ಕೇ ಸಿಕ್ಕಿಲ್ಲ ಕಣವ್ವ, ಪಾಪ."

ಗುರುತಿನ ಮೆರವಣಿಗೆ

ಪಕ್ಷೇತರರಿಗೆ ಸ್ವಂತ ಗುರುತು ಇರುವುದಿಲ್ಲ. ನಾಮಪತ್ರವೆಲ್ಲ ಮುಗಿದ ಮೇಲೆ ಚುನಾವಣಾಧಿಕಾರಿಗಳು ಒಂದನ್ನು ಕೊಡುತ್ತಾರೆ. ನಮ್ಮವರಿಗೆ ಸಿಕ್ಕಿದ್ದು ಮಂಚ. ಮತದಾನಕ್ಕೆ ಸ್ವಲ್ಪವೇ ದಿನ ಉಳಿದಿತ್ತು. ಅಷ್ಟರೊಳಗೆ ಮಂಚ ಎಲ್ಲರ ತಲೆಯಲ್ಲಿ ಕೂರಬೇಕು.

ಬೆಂಬಲಿಗರು ಒಂದು ನಿಜವಾದ ಮಂಚ ತಂದರು. ಖಾಲಿ ಕಾಣಬಾರದೆಂದು ಅದಕ್ಕೆ ಚೆಂಡುಹೂವಿನ ಹಾರಗಳನ್ನು ಸುತ್ತಿದರು. ನಾಲ್ವರು ಹೆಗಲ ಮೇಲೆ ಹೊತ್ತರು. ಮುಂದೆ ತಮಟೆ. ಅದರ ಹಿಂದೆ ಬಿಸಿಲಿಗೆ ಬಾಡಿದ ಮುಖದಲ್ಲಿ, ಕೈಮುಗಿದುಕೊಂಡು ನಮ್ಮವರು. ಹೊರಟವರಿಗೆ ಅನುಮಾನವೇ ಬರಲಿಲ್ಲ. ನನಗೆ ಬಂತು, ಆದರೆ ಹೇಳುವ ಧೈರ್ಯ ಬರಲಿಲ್ಲ.

ಬೀದಿಗೆ ಬೀದಿಯೇ ಎದ್ದು ನಿಂತಿತು. ಗಂಡಸರು ತಲೆಯ ಟವೆಲ್ ತೆಗೆದರು. ಅಂಗಡಿಯವನು ಬಾಗಿಲು ಅರ್ಧ ಎಳೆದ. "ನೋಡಯ್ಯಾ, ಏನು ಮರ್ಯಾದೆ!" ಎಂದು ನಮ್ಮವರು ನನ್ನ ಕಿವಿಯಲ್ಲಿ ಉಸುರಿದರು.

ಅಷ್ಟರಲ್ಲಿ ಜಗಲಿಯ ಮೇಲಿದ್ದ ಅಜ್ಜಿಯೊಬ್ಬಳು, "ಯಾರ್ಲಾ ಹೋಗಿದ್ದು?" ಎಂದು ಕೂಗಿ ಕೇಳಿದಳು.

ಹಳೆಯ ಪಕ್ಷದ ಕಾರ್ಯಕರ್ತನೊಬ್ಬ ಅಲ್ಲೇ ಬೀಡಿ ಸೇದುತ್ತಿದ್ದ. "ಎಣಿಕೆ ದಿನ ಗೊತ್ತಾಯ್ತದೆ ಬುಡಜ್ಜಿ" ಎಂದ.

ಚನ್ನಪಟ್ಟಣದ ಗೊಂಬೆ

ಅಂದಿನಿಂದ ದೊಡ್ಡ ಮಂಚ ಬೇಡವೆಂದಾಯಿತು. ವೇದಿಕೆಯ ಮೇಲಿಡಲು ಮರದ ಪುಟ್ಟ ಮಂಚವೊಂದನ್ನು ಮಾಡಿಕೊಡಿ ಎಂದು ಚನ್ನಪಟ್ಟಣದ ಗೊಂಬೆ ಮಾಡುವ ಸಾಬರಿಗೆ ಹೇಳಿದೆವು. ಮಂಚ ಅರಗಿನ ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು. ಆದರೆ ಅದರ ಮೇಲೆ ಬಿಳಿ ಪಂಚೆ, ಬಿಳಿ ಶರಟಿನ ಗೊಂಬೆಯೊಂದು ಬಾಯಿ ತೆರೆದು ಮಲಗಿತ್ತು. ಮೀಸೆ ನಮ್ಮವರದೇ.

"ಇದ್ಯಾಕೆ ಸಾಬ್ರೇ ಹಿಂಗೆ?" ನಮ್ಮವರು ಕೇಳಿದರು.

"ಖಾಲಿ ಮಂಚ ಚೆನ್ನಾಗಿರಲ್ಲ ಸಾರ್. ನೀವು ಅಸೆಂಬ್ಲೀಲಿ ಇದ್ದಿದ್ದನ್ನ ಟಿವೀಲಿ ನೋಡಿದ್ದೆ, ಹಂಗೇ ಇಳಿಸ್ದೆ."

ಅವರ ವೋಟು

ಮತದಾನದ ದಿನ ನಮ್ಮವರು ಬೆಳಗ್ಗೆಯೇ ಊರಿನ ಶಾಲೆಗೆ ಹೋಗಿ ವೋಟು ಹಾಕಿದರು. ಹೊರಬಂದಾಗ ಶಾಯಿ ಹಚ್ಚಿದ ಬೆರಳು ತೋರಿಸಿದರು, ನಕ್ಕರು, ಫೋಟೋ ಆಯಿತು. ಕಾರಿನ ಬಾಗಿಲು ಹಾಕಿದೊಡನೆ ನಗು ಹೋಯಿತು.

"ಒತ್ತಿದ್ದನ್ನ ವಾಪಸ್ ತಗೊಳ್ಳಕ್ಕೆ ಆಯ್ತದೇನಯ್ಯಾ?"

"ಯಾಕಣ್ಣಾ?"

"ಹಳೇದಕ್ಕೇ ಒತ್ಬುಟ್ಟೆ ಕಣಯ್ಯಾ."

ಪಕ್ಷೇತರರ ಹೆಸರು ಯಂತ್ರದಲ್ಲಿ ಕೆಳಗಡೆ ಇರುತ್ತದೆ. ಮೀಸೆ ಬಂದಾಗಿನಿಂದ ಮೇಲಿನ ಅದೇ ಗುರುತಿಗೆ ಒತ್ತಿದ ಬೆರಳು ಕೆಳಗೆ ಇಳಿಯಲೇ ಇಲ್ಲ. ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ, ಯಾರಿಗೆ ಒತ್ತಿದಿರಿ ಎಂದು ತೋರಿಸುವ ಚೀಟಿ ಬರುತ್ತದಲ್ಲ, ಅದರಲ್ಲಿ ಹಳೆಯ ಗುರುತು ಕಂಡಾಗಲೇ ಅವರಿಗೆ ತಿಳಿದದ್ದು.

"ಒಂದು ವೋಟು ತಾನೆ ಅಣ್ಣಾ" ಎಂದೆ.

"ಒಂದಲ್ಲ. ನಂಗೊಂದು ಕಮ್ಮಿ, ಆ ಪಕ್ಷದೋನಿಗೊಂದು ಜಾಸ್ತಿ."

ಎಣಿಕೆಯ ದಿನ ಒಂದು ಸುತ್ತಿನಲ್ಲಿ ನಮ್ಮವರು ಮುಂದೆ, ಮತ್ತೊಂದರಲ್ಲಿ ಹಳೆಯ ಪಕ್ಷದ ಅಭ್ಯರ್ಥಿ ಮುಂದೆ. ಪ್ರತಿ ಸುತ್ತಿಗೂ ನಮ್ಮವರು ಆ ಬೆರಳನ್ನೇ ದುರುಗುಟ್ಟಿ ನೋಡುತ್ತಿದ್ದರು. ಕೊನೆಯ ಸುತ್ತಿನಲ್ಲಿ, ಕೂದಲೆಳೆಯ ಅಂತರದಲ್ಲಿ ಗೆದ್ದರು.

ಜನ ಹೊತ್ತುಕೊಂಡು ಜೀಪಿನ ಮೇಲೆ ನಿಲ್ಲಿಸಿದರು. ಮೈಕು ಕೊಟ್ಟರು. ನಮ್ಮವರು ಶಾಯಿಯ ಬೆರಳು ಮಡಚಿಕೊಂಡು ಮಾತು ಶುರು ಮಾಡಿದರು.

"ಈ ಗೆಲುವು ಪೂರ್ತಿ ನಿಮ್ಮದು. ಇದರಲ್ಲಿ ನನ್ನದು ಅಂತ ಒಂದು ವೋಟಿನಷ್ಟೂ ಇಲ್ಲ. ದೇವರಾಣೆಗೂ ಇಲ್ಲ!"

ಶಿಳ್ಳೆಯೋ ಶಿಳ್ಳೆ. ನನ್ನ ಪಕ್ಕದಲ್ಲಿದ್ದ ಹಿರಿಯರು ಟವೆಲಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ಗೆದ್ಮ್ಯಾಕೂ ಏನ್ ವಿನಯ ನೋಡ್ಲಾ! ಎಲ್ಲಾ ಸುಳ್ಳೇಳೋ ಕಾಲ್ದಾಗೆ, ನಿಜ ಹೇಳೋನು ಇವ್ನೊಬ್ನೇ ಕಣ್ಲಾ."