ಹನ್ನೊಂದು ಗಂಟೆಗೆ ಕುಸಿಯುವ ಬಿಸಿಲು

ಮನೆಯ ಮೇಲೆ ಸೋಲಾರ್ ಹಾಕಿಸಿಕೊಂಡವನಿಗೆ ನೆಮ್ಮದಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕರೆಂಟು ಸಿಗುತ್ತದೆ, ಅದು ಬೇರೆ ಮಾತು. ಬಾದಾಮಿಯಲ್ಲಿ ಈಗ ಯಾವ ಓಣಿಗೆ ಹೋದರೂ ಮಾಳಿಗೆಗಳ ಮೇಲೆ ನೀಲಿ ಹಲಗೆಗಳು ಕಾಣುತ್ತವೆ, ನಾವೂ ಹಾಕಿಸಿದೆವು. ಹಾಕಿದವರು ಹೋಗುವಾಗ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಎಷ್ಟು ಕರೆಂಟು ತಯಾರಾಗುತ್ತಿದೆ ಎಂಬುದನ್ನು ಅದರಲ್ಲಿ ಒಂದು ಗೆರೆ ತೋರಿಸುತ್ತದೆ. ಬೆಳಿಗ್ಗೆ ಏರುತ್ತದೆ, ಮಧ್ಯಾಹ್ನ ನೆತ್ತಿ ಮುಟ್ಟುತ್ತದೆ, ಸಂಜೆ ಇಳಿಯುತ್ತದೆ. ಬಾಗಲಕೋಟೆಯ ಕಚೇರಿಯಲ್ಲಿ ಕುಳಿತು ನಾನು ಫೈಲಿಗಿಂತ ಹೆಚ್ಚಾಗಿ ಆ ಗೆರೆಯನ್ನೇ ನೋಡತೊಡಗಿದೆ. ಊರೆಲ್ಲ ಬಿಸಿಲಿಗೆ ಶಾಪ ಹಾಕುತ್ತ ಬೆವರು ಒರೆಸಿಕೊಳ್ಳುತ್ತಿದ್ದರೆ ನಾನೊಬ್ಬ ಹಿಗ್ಗುತ್ತಿದ್ದೆ. ಪಕ್ಕದ ಟೇಬಲ್ಲಿನ ಮುತ್ತಣ್ಣ ಒಂದು ದಿನ ಅಂದೇಬಿಟ್ಟ: "ಸಾಹೇಬ್ರ, ಲಗ್ನಕ್ಕ ಮೊದಲ ವೈನಿಯವರ ಫೋಟೋನೂ ನೀವು ಇಷ್ಟು ನೋಡಿರಲಿಕ್ಕಿಲ್ಲ."

ಈ ಬೇಸಿಗೆಯ ಒಂದು ದಿನ, ಹನ್ನೊಂದರ ಹೊತ್ತಿಗೆ, ಆ ಗೆರೆ ಇದ್ದಕ್ಕಿದ್ದಂತೆ ಕುಸಿಯಿತು. ಕಿಟಕಿಯಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಮೋಡದ ಸುಳಿವಿಲ್ಲ. ಮನೆಗೆ ಫೋನ್ ಮಾಡಿದರೆ ಹೆಂಡತಿ ಶಾರದಾ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಆಗ ಮಂಗಗಳು ನೆನಪಾದವು. ಬಾದಾಮಿಯ ಮಂಗಗಳು ಪ್ರವಾಸಿಗರ ಕೈಯಿಂದ ಬಾಳೆಹಣ್ಣು ಕಸಿಯುತ್ತವೆ ಎಂದಷ್ಟೇ ಹೊರಗಿನವರಿಗೆ ಗೊತ್ತು. ನಮ್ಮ ಮನೆಯಲ್ಲಿ ಅವು ನೀರಿನ ಟಾಕಿಯ ಮುಚ್ಚಳ ತೆಗೆದು ಈಜುತ್ತವೆ. ಹೋದ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಕಾಯುತ್ತಿದ್ದ ಶಾರದಾಳ ಮೇಲೆ ಒಂದು ಹಿಂಡೇ ಎರಗಿ ಬಂದಾಗ ಅವಳು ಓಡಲು ಹೋಗಿ ಮೆಟ್ಟಿಲಲ್ಲಿ ಬಿದ್ದು ಕೈ ಮುರಿದುಕೊಂಡಿದ್ದಳು. ಇನ್ನು ಮೇಲೆ ಸಂಡಿಗೆಯ ಸುದ್ದಿ ಬೇಡ ಎಂದು ನಾನೇ ಕಟ್ಟಪ್ಪಣೆ ಮಾಡಿದ್ದೆ.

ರಜೆ ಚೀಟಿ ಬರೆದುಕೊಟ್ಟು ಬಸ್ಸು ಹತ್ತಿದೆ. ನಾಚಿಕೆಯ ಮಾತು, ಗುಳೇದಗುಡ್ಡ ಬರುವವರೆಗೂ ನನ್ನ ಚಿಂತೆಯೆಲ್ಲ ಹಲಗೆಯ ಗಾಜು ಒಡೆಯಿತೇನೋ ಎಂಬುದೇ ಆಗಿತ್ತು. ಅಲ್ಲಿ ಡ್ರೈವರ್ ಚಹಾಕ್ಕೆ ಇಳಿದ. ಮತ್ತೆ ಫೋನ್ ಮಾಡಿದೆ. ಅದು ರಿಂಗಾಗುತ್ತಲೇ ಇತ್ತು. ಮಂಗಗಳ ಸದ್ದು ಕೇಳಿ ಅವಳು ಮಾಳಿಗೆ ಹತ್ತಿದ್ದರೆ? ಮತ್ತೆ ಅದೇ ಮೆಟ್ಟಿಲಲ್ಲಿ ಬಿದ್ದಿದ್ದರೆ? ಗಾಜು ಹಾಳಾಗಿ ಹೋಗಲಿ ಅನ್ನಿಸಿತು. ಬಸ್ಸಿನಿಂದ ಇಳಿದು ಡ್ರೈವರನ ಹತ್ತಿರ ಹೋದೆ.

"ಲಗೂನ ನಡೀರಿ, ಮನ್ಯಾಗ ಫೋನ್ ಎತ್ತವಲ್ರು" ಅಂದೆ.

"ನಮ್ಮ ಮನ್ಯಾಗೂ ಎತ್ತೂದಿಲ್ರಿ" ಅಂದ ಡ್ರೈವರ್ ನನ್ನ ಮುಖ ನೋಡಿ, ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮನೆಯ ಬಾಗಿಲು ತೆರೆದಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಒಂಟಿಯಾಗಿ ಬಿದ್ದಿತ್ತು. ಗೋಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

ಮೇಲೆ ಅರ್ಧಕ್ಕರ್ಧ ಹಲಗೆಗಳು ಹಳೆಯ ಇಳಕಲ್ ಸೀರೆ ಹೊದ್ದು ಮಲಗಿದ್ದವು. ಸೀರೆಯ ತುಂಬ ಸಂಡಿಗೆ. ಹಲಗೆಗಳ ನೆರಳಲ್ಲಿ ಶಾರದಾ ಮತ್ತು ಪಕ್ಕದ ಮನೆಯ ಹಸೀನಾಬಿ ಕಾಲು ಚಾಚಿ ಹರಟುತ್ತಿದ್ದರು. ಆಚೆಯ ಗೋಡೆಯ ಮೇಲೆ ಮಂಗಗಳು ಸಾಲಾಗಿ ಕುಳಿತು ಸಂಡಿಗೆಯನ್ನೇ ದಿಟ್ಟಿಸುತ್ತಿದ್ದವು.

"ಫೋನ್ ಯಾಕ ಎತ್ತಲಿಲ್ಲ?"

"ಕೆಳಗ ಬಿಟ್ಟು ಬಂದೇನ್ರಿ. ಕೈತುಂಬ ಹಿಟ್ಟಿತ್ತು" ಅಂದಳು ಶಾರದಾ.

"ಮಂಗ್ಯಾ ಬಂದ್ರ?"

"ಬರೂದಿಲ್ರಿ. ಈ ಗಾಜು ಕಾದ ಹಂಚಾಗಿರ್ತೈತಿ. ನಿನ್ನಿ ಒಂದು ಕಾಲಿಟ್ಟಿತ್ತು, ಚುರ್ ಅಂದಕೂಡ್ಲೆ ಓಡಿತು. ಭಾಳ ಉಪಕಾರ ಆತು ನೋಡ್ರಿ, ಸೋಲಾರ್ ಹಾಕಿಸಿದ್ದು."

"ನಮ್ಮ ಮನಿಯವ್ರಿಗೂ ಹಾಕಸ್ರಿ ಅಂದೇನಿ, ಅಣ್ಣಾರ" ಅಂದಳು ಹಸೀನಾಬಿ. "ಕರೆಂಟ್ ಬಂದ್ರೂ ಛಲೋ, ಬರದಿದ್ರೂ ಛಲೋ."

ಬಯ್ಯಬೇಕೆಂದುಕೊಂಡೆ. ಆದರೆ ಮೇಲಿನ ಮೆಟ್ಟಿಲ ಮೇಲೆ ಹಾಗೇ ಕುಸಿದು ಕುಳಿತು, "ಕೈ ಹೆಂಗೈತಿ?" ಅಂತ ಮಾತ್ರ ಕೇಳಿದೆ.

"ಇಷ್ಟು ಸಂಡಗಿ ಇಟ್ಟೈತಲ್ರಿ, ಇನ್ನ ಹೆಂಗಿರ್ಬೇಕು?"

ಈಗ ದಿನಾ ಹನ್ನೊಂದಕ್ಕೆ ಗೆರೆ ಕುಸಿಯುತ್ತದೆ. ಶಾರದಾ ಸುಖವಾಗಿ ಮಾಳಿಗೆ ಹತ್ತಿದಳು ಎಂದುಕೊಂಡು ನಾನು ಫೈಲು ತೆರೆಯುತ್ತೇನೆ. ನಿನ್ನೆ ಮಾತ್ರ ಹನ್ನೆರಡಾದರೂ ಕುಸಿಯಲಿಲ್ಲ. ಎಂದೂ ಇಲ್ಲದಷ್ಟು ಕರೆಂಟು ತಯಾರಾಗುತ್ತಿತ್ತು. "ಇವತ್ತು ಭರ್ತಿ ಐತ್ರಿ" ಎಂದು ಮುತ್ತಣ್ಣ ಕೈಕುಲುಕಲು ಬಂದ. ನಾನು ಆಗಲೇ ರಜೆ ಚೀಟಿ ಬರೆಯುತ್ತಿದ್ದೆ.